ಮನೆ ಬಾಡಿಗೆಗೆ ಕೊಡುವವರು ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ಮನೆ ಓನರುಗಳಿಗೆ, ಬ್ರೋಕರುಗಳಿಗೆ, ಪಿ.ಜಿ. ನಡೆಸುವವರಿಗೆ ಮತ್ತು ಅಪಾರ್ಟ್‌ಮೆಂಟ್ ಸಂಘಗಳ ಪದಾಧಿಕಾರಿಗಳಿಗೆ. ಮಹಡಿ ಮೇಲಿನ ಒಂದೇ ರೂಮು ಬಾಡಿಗೆಗೆ ಕೊಡುವವರೂ ಇದನ್ನು ಓದಬೇಕು.

ಜಾತಿ, ಧರ್ಮ, ಮೈಬಣ್ಣ, ಮುಖದ ಚಹರೆ, ಹೆಣ್ಣೆಂಬ ಕಾರಣ, ಲಿಂಗ ಗುರುತು ಇವುಗಳಿಂದಾಗಿ ಮನೆ ಸಿಗದೆ ಅಲೆಯುವವರು ನಮ್ಮ ಎಲ್ಲ ಊರುಗಳಲ್ಲೂ ಇದ್ದಾರೆ. ಅವರ ಹತ್ತಿರ ಅಡ್ವಾನ್ಸ್ ದುಡ್ಡಿದೆ, ಕೆಲಸವಿದೆ, ಸಂಬಳದ ಚೀಟಿ ಇದೆ. ಇಷ್ಟಿದ್ದೂ ಮನೆ ಇಲ್ಲ. ಬಾಡಿಗೆದಾರರ ಬಗ್ಗೆ ಓನರಿಗೆ ಗೊತ್ತಾಗಬೇಕಾದ ಸಂಗತಿ ಎರಡೇ: ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಾರೆಯೇ, ಮನೆಯನ್ನು ಜೋಪಾನವಾಗಿ ನೋಡಿಕೊಳ್ಳುತ್ತಾರೆಯೇ. ಇದರಾಚೆ ಕೇಳುವ ಪ್ರತಿ ಪ್ರಶ್ನೆಯೂ ಯಾರನ್ನೋ ಹೊರಗಿಡಲು ಕೇಳಿದ ಪ್ರಶ್ನೆ.

ಜಾತಿ ಕೇಳಬೇಡಿ. ಸುತ್ತಿ ಬಳಸಿಯೂ ಕೇಳಬೇಡಿ.

"ನೀವು ಯಾವ ಪೈಕಿ?" ಎಂದು ಈಗ ನೇರವಾಗಿ ಕೇಳುವವರು ಕಡಿಮೆಯಾಗಿದ್ದಾರೆ. ಅದರ ಬದಲು "ಮನೆದೇವರು ಯಾವುದು?" ಎನ್ನುತ್ತಾರೆ. "ನಿಮ್ಮ ತಂದೆಯವರ ಪೂರ್ತಿ ಹೆಸರೇನು?" ಎನ್ನುತ್ತಾರೆ. "ಊರಲ್ಲಿ ನಿಮ್ಮ ಮನೆ ಎಲ್ಲಿ ಬರುತ್ತೆ?" ಎನ್ನುತ್ತಾರೆ. ಕೇಳಿಸುವುದು ಕುಶಲ ವಿಚಾರಿಸಿದ ಹಾಗೆ. ಆದರೆ ಈ ಪ್ರಶ್ನೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ಕೇಳಿದವರಿಗೂ ಗೊತ್ತು, ಉತ್ತರ ಕೊಡಬೇಕಾದವರಿಗೂ ಗೊತ್ತು. ನಿಜ ಹೇಳಿದರೆ "ಮನೆಯಲ್ಲಿ ಕೇಳಿ ಹೇಳ್ತೀವಿ" ಎಂಬ ಮಾತು ಬರುತ್ತದೆ, ಆಮೇಲೆ ಫೋನ್ ಎತ್ತುವುದಿಲ್ಲ. ಸುಳ್ಳು ಹೇಳಿದರೆ ಮನೆ ಸಿಗುತ್ತದೆ, ಅದರ ಜೊತೆಗೇ ಸಿಕ್ಕಿಬೀಳುವ ಭಯವೂ ಒಳಗೆ ಬರುತ್ತದೆ. ಗೋಡೆಗೆ ಅಂಬೇಡ್ಕರ್ ಫೋಟೋ ಹಾಕಲು ಹಿಂದೆಮುಂದೆ ನೋಡಬೇಕು. ಊರಿಂದ ಬರುವ ಅಪ್ಪ ಅಮ್ಮನಿಗೆ ಕೆಳಗಿನ ಮನೆಯವರ ಹತ್ತಿರ ಏನು ಹೇಳಬೇಕು, ಏನು ಹೇಳಬಾರದು ಎಂದು ಮೊದಲೇ ತಿಳಿಸಿಡಬೇಕು. ಬಾಡಿಗೆ ಕಟ್ಟಿಯೂ ಕದ್ದು ಬದುಕಿದಂತೆ ಬದುಕುವ ಶಿಕ್ಷೆ ಇದು.

ಈ ಶಿಕ್ಷೆಯನ್ನು ಸ್ವತಃ ಅಂಬೇಡ್ಕರ್ ಅನುಭವಿಸಿದ್ದಾರೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಲಂಡನ್ನಿನಿಂದ ಮರಳಿ, 1917ರಲ್ಲಿ ಬರೋಡಾ ಸಂಸ್ಥಾನದ ಸೇವೆಗೆ ಸೇರಿದಾಗ ಅವರಿಗೆ ಇಡೀ ಪಟ್ಟಣದಲ್ಲಿ ಒಂದು ಮನೆ ಸಿಗಲಿಲ್ಲ. ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿಗಳ ವಸತಿಗೃಹವೊಂದರಲ್ಲಿ ಉಳಿದರು. ಹನ್ನೊಂದನೆಯ ದಿನ ಬೆಳಿಗ್ಗೆ ದೊಣ್ಣೆ ಹಿಡಿದವರ ಗುಂಪು ಬಂದು ಜಾಗ ಖಾಲಿ ಮಾಡಿಸಿತು. ವಿದ್ಯೆ, ಹುದ್ದೆ, ಸಂಬಳ ಯಾವುದೂ ನೆರವಿಗೆ ಬರಲಿಲ್ಲ. ಇದಾಗಿ ನೂರು ವರ್ಷ ದಾಟಿದೆ. ದೊಣ್ಣೆ ಹೋಗಿದೆ, "ಮನೆಯಲ್ಲಿ ಕೇಳಿ ಹೇಳ್ತೀವಿ" ಉಳಿದಿದೆ.

ಇದು ಒಬ್ಬಿಬ್ಬರ ಗುಮಾನಿಯಲ್ಲ. ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿ ಹಾಗೂ ಸುತ್ತಲಿನ ನಗರಗಳಲ್ಲಿ ಮೇಲ್ಜಾತಿಯ, ದಲಿತ, ಮುಸ್ಲಿಂ ಹೆಸರಿನವರಿಂದ ಬಾಡಿಗೆ ಮನೆ ಕೇಳಿ ಓನರುಗಳಿಗೆ ಫೋನ್ ಮಾಡಿಸಿದರು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಮೇಲ್ಜಾತಿ ಹೆಸರಿನವರಲ್ಲಿ ಒಬ್ಬರಿಗೂ ನೇರ ನಿರಾಕರಣೆ ಬರಲಿಲ್ಲ. ದಲಿತರಲ್ಲಿ ಸುಮಾರು ಶೇ. 18, ಮುಸ್ಲಿಮರಲ್ಲಿ ಸುಮಾರು ಶೇ. 31 ಮಂದಿಗೆ ಫೋನಿನಲ್ಲೇ ಇಲ್ಲ ಎಂದರು. ಆ ಓನರುಗಳು ಅವರ ಮುಖ ನೋಡಿರಲಿಲ್ಲ, ಸಂಬಳ ಕೇಳಿರಲಿಲ್ಲ. ಹೆಸರೊಂದೇ ಸಾಕಾಗಿತ್ತು.

ಕಾನೂನು ಏನು ಹೇಳುತ್ತದೆ ಎಂಬುದನ್ನು ಸ್ಪಷ್ಟವಾಗಿ ತಿಳಿದುಕೊಳ್ಳಿ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಮು ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಬಡಾವಣೆಯಲ್ಲಿ ವಾಸದ ಮನೆ ಪಡೆಯುವುದನ್ನು, ಅದರಲ್ಲಿ ಇರುವುದನ್ನು ತಡೆಯುವುದು ಅಪರಾಧ ಎನ್ನುತ್ತದೆ. ಒಂದರಿಂದ ಆರು ತಿಂಗಳ ಜೈಲು ಮತ್ತು ದಂಡ ಇದೆ. ತಡೆಗೆ ಒಳಗಾದವರು ಪರಿಶಿಷ್ಟ ಜಾತಿಯವರಾದರೆ ಅದು ಅಸ್ಪೃಶ್ಯತೆಯ ಕಾರಣಕ್ಕೇ ಆಗಿದೆ ಎಂದು ನ್ಯಾಯಾಲಯ ಭಾವಿಸಿಕೊಳ್ಳುತ್ತದೆ. ಅಲ್ಲ ಎಂದು ತೋರಿಸುವ ಹೊಣೆ ಆರೋಪಿಯದು. "ನನ್ನ ಮನೆ, ನನ್ನಿಷ್ಟ" ಎನ್ನುವವರು ಈ ಕಲಮನ್ನು ಒಮ್ಮೆ ಓದಿ ನೋಡಲಿ.

ಬೋರ್ಡಿನಲ್ಲಿ ಬಾಡಿಗೆ ಬರೆಯಿರಿ. ಜನ ಎಂಥವರಿರಬೇಕೆಂದು ಬರೆಯಬೇಡಿ.

"ಸಸ್ಯಾಹಾರಿಗಳಿಗೆ ಮಾತ್ರ" ಎಂಬ ಬರಹ ಬೆಂಗಳೂರು, ಮೈಸೂರಿನ ಎಷ್ಟೋ ಗೇಟುಗಳ ಮೇಲಿದೆ. ಊಟದ ಮಾತು ಎಂದು ಅದನ್ನು ಸಮರ್ಥಿಸುತ್ತಾರೆ. ನಾನು ಒಪ್ಪುವುದಿಲ್ಲ. ಹೊರಗೆ ಮೊಟ್ಟೆ, ಮಾಂಸ ತಿಂದು ಬರುವ ಸ್ವಂತ ಜಾತಿಯ ಹುಡುಗನಿಗೆ ಅದೇ ಮನೆ ಸಿಗುತ್ತದೆ. ಎಂದೂ ಮಾಂಸ ಮುಟ್ಟದ ಮುಸ್ಲಿಂ ಶಿಕ್ಷಕಿಗೆ ಸಿಗುವುದಿಲ್ಲ. ಅಲ್ಲಿಗೆ ಆ ಬೋರ್ಡು ನೋಡುವುದು ತಟ್ಟೆಯನ್ನಲ್ಲ, ಜಾತಿ ಧರ್ಮವನ್ನು. ಬಾಗಿಲು ಹಾಕಿಕೊಂಡ ಮೇಲೆ ಬಾಡಿಗೆದಾರರ ಅಡುಗೆಮನೆ ಅವರದು. ಒಲೆ ಮೇಲೆ ಏನು ಬೇಯುತ್ತಿದೆ ಎಂದು ಇಣುಕುವ ಹಕ್ಕು ಓನರಿಗಿಲ್ಲ.

ಬೋರ್ಡಿನಲ್ಲಿ ಇಷ್ಟಿರಲಿ: ಎಷ್ಟು ರೂಮು, ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಕಾವೇರಿ ನೀರೋ ಬೋರ್‌ವೆಲ್ ನೀರೋ, ಯಾವತ್ತಿನಿಂದ ಖಾಲಿ. ಬರೆದ ಮೊತ್ತವನ್ನೇ ಬಂದವರೆಲ್ಲರಿಗೂ ಹೇಳಿ. ಎದುರಿಗೆ ನಿಂತವರ ಹೆಸರು ಕೇಳಿದ ಮೇಲೆ ಹದಿನೈದು ಸಾವಿರ ಇಪ್ಪತ್ತಾಗಬಾರದು. ಇಲ್ಲ ಎನ್ನಲು ಮನಸ್ಸಿಲ್ಲದೆ ಕೊಡಲಾಗದಷ್ಟು ಬಾಡಿಗೆ ಹೇಳಿ ಕಳಿಸುವುದೂ ನಿರಾಕರಣೆಯೇ. ಮೊದಲು ಬಂದು ಅಡ್ವಾನ್ಸ್ ಕೊಡಲು ಒಪ್ಪಿದವರಿಗೆ ಮನೆ ಕೊಡಿ.

ಬ್ರೋಕರುಗಳಿಗೆ ಒಂದು ಮಾತು. "ಓನರು ಹೀಗೆ ಹೇಳಿದ್ದಾರೆ ಸಾರ್, ನಾವೇನು ಮಾಡೋಕಾಗುತ್ತೆ" ಎಂದು ಜಾರಿಕೊಳ್ಳಬೇಡಿ. ಒಂದು ತಿಂಗಳ ಬಾಡಿಗೆಯನ್ನು ಕಮಿಷನ್ ತೆಗೆದುಕೊಳ್ಳುವ ನೀವು ಈ ಕೆಲಸದಲ್ಲಿ ಪಾಲುದಾರರು. ಜಾತಿ ಹೇಳಿ ಗಿರಾಕಿ ತರಲು ಕೇಳುವ ಓನರಿನ ಮನೆಯನ್ನು ನಿಮ್ಮ ಪಟ್ಟಿಯಿಂದ ತೆಗೆದುಹಾಕಿ.

ಹೆಂಗಸರಿಗೆ ಮನೆ ಕೊಡುವಾಗ ಕಾವಲುಗಾರರಾಗಬೇಡಿ.

"ಫ್ಯಾಮಿಲಿಗೆ ಮಾತ್ರ ಕೊಡೋದು" ಎಂಬಲ್ಲಿ ಫ್ಯಾಮಿಲಿ ಎಂದರೆ ಗಂಡ. ಗಂಡನನ್ನು ಕಳೆದುಕೊಂಡವರು, ಬಿಟ್ಟವರು, ಮದುವೆಯೇ ಆಗದವರು ಮಕ್ಕಳನ್ನು ಓದಿಸುತ್ತ, ವಯಸ್ಸಾದ ತಾಯಿಯನ್ನು ನೋಡಿಕೊಳ್ಳುತ್ತ ಇದ್ದರೂ ಅವರದು ಕುಟುಂಬ ಅನ್ನಿಸುವುದಿಲ್ಲ. "ರಾತ್ರಿ ಎಷ್ಟು ಗಂಟೆಗೆ ಬರ್ತೀರ? ಯಾರ್ಯಾರು ಬರ್ತಾರೆ?" ಎಂದು ಹೆಂಗಸರನ್ನು ಕೇಳುವವರು ಗಂಡಸರನ್ನು ಕೇಳುವುದಿಲ್ಲ. ರಾತ್ರಿ ಪಾಳಿಯ ನರ್ಸು ಬೆಳಗಿನ ಜಾವಕ್ಕೆ ಬಂದರೆ ಕಿಟಕಿ ಪರದೆ ಸರಿಯುತ್ತದೆ. ಇವಳು ಇಡೀ ರಾತ್ರಿ ಯಾರದೋ ತಂದೆಗೆ ಡ್ರಿಪ್ ಬದಲಾಯಿಸಿ ಬಂದವಳು ಎಂಬುದನ್ನು ಪರದೆ ಸರಿಸುವವರು ಮರೆಯಬಾರದು.

ಪಿ.ಜಿ.ಗಳಲ್ಲಿ ಹುಡುಗಿಯರ ಗೇಟಿಗೆ ರಾತ್ರಿ ಒಂಬತ್ತೂವರೆಗೆ ಬೀಗ, ಹುಡುಗರ ಗೇಟು ತೆರೆದೇ ಇರುತ್ತದೆ. ಇದನ್ನು ನಿಲ್ಲಿಸಿ. ಸುರಕ್ಷತೆ ಬೇಕಾದರೆ ಬೀದಿದೀಪ ಹಾಕಿಸಿ, ವಾಚ್‌ಮನ್ ಇಡಿ, ಕೀಲಿಯ ಒಂದು ಪ್ರತಿಯನ್ನು ಅವಳ ಕೈಗೆ ಕೊಡಿ. ತಡವಾಯಿತೆಂದು ಗೇಟಿನ ಹೊರಗೆ ನಿಲ್ಲಿಸಿದ ಹುಡುಗಿ ಯಾವ ಸುರಕ್ಷತೆಯಲ್ಲಿದ್ದಾಳೆ?

ಅಗ್ರಿಮೆಂಟ್ ಮನೆಗೆ ಬರುವ ಹೆಂಗಸಿನ ಹೆಸರಿಗೇ ಮಾಡಿಕೊಡಿ. "ಅಣ್ಣನೋ ತಂದೆಯೋ ಬಂದು ಸೈನ್ ಹಾಕಲಿ" ಎನ್ನಬೇಡಿ. ಈ ಕಾಗದ ಬರೀ ಕಾಗದವಲ್ಲ. ಗ್ಯಾಸ್ ಕನೆಕ್ಷನ್‌ಗೆ, ಬ್ಯಾಂಕ್ ಖಾತೆಯ ವಿಳಾಸಕ್ಕೆ, ಮಗುವಿನ ಶಾಲೆಗೆ ಅದೇ ಬೇಕು. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯ ಉಚಿತ ವಿದ್ಯುತ್ ಬಾಡಿಗೆದಾರರಿಗೂ ಇದೆ, ಅದಕ್ಕೂ ವಿಳಾಸದ ದಾಖಲೆ ಕೇಳುತ್ತಾರೆ. ವಠಾರಗಳಲ್ಲಿ ಹತ್ತು ಮನೆಗೆ ಒಂದೇ ಮೀಟರ್ ಇಟ್ಟು, ಕಾಗದ ಪತ್ರ ಏನೂ ಇಲ್ಲದೆ, ಕೈಯಲ್ಲಿ ಬಾಡಿಗೆ ಎಣಿಸಿಕೊಂಡು, ಇಷ್ಟ ಬಂದಾಗ ಹೊರಗೆ ಹಾಕುವ ಪದ್ಧತಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಬೆನ್ನು ಮುರಿಯುತ್ತಿದೆ. ಬಾಡಿಗೆಗೆ ರಸೀದಿ ಕೊಡಿ. ನೀರು ಬಿಡುವ ಹೊತ್ತನ್ನು ಅವರ ಪಾಳಿ ನೋಡಿ ಇಡಿ.

"ಅವರಿಗೂ ಕೊಟ್ಟಿದ್ದೇವೆ, ಇವರಿಗೂ ಕೊಟ್ಟಿದ್ದೇವೆ" ಎಂದು ಲೆಕ್ಕ ಒಪ್ಪಿಸಬೇಡಿ.

ಈ ನಿಯಮವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಒಳ್ಳೆಯ ಮನಸ್ಸಿನ ಓನರುಗಳೂ ಎಡವುವುದು ಇಲ್ಲೇ. ಅಮೆರಿಕದಲ್ಲಿ ಐವರು ಕಪ್ಪು ಹೆಂಗಸರು ಜನರಲ್ ಮೋಟಾರ್ಸ್ ಕಂಪನಿಯ ಮೇಲೆ ದಾವೆ ಹೂಡಿದ್ದರು. ಆ ಕಂಪನಿ 1964ಕ್ಕೆ ಮೊದಲು ಕಪ್ಪು ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡಿರಲಿಲ್ಲ. ಆಮೇಲೆ ಮಂದಿ ಕಡಿತ ಮಾಡುವಾಗ ಕೊನೆಗೆ ಸೇರಿದವರನ್ನು ಮೊದಲು ತೆಗೆಯಿತು. 1976ರಲ್ಲಿ ನ್ಯಾಯಾಲಯ ದಾವೆಯನ್ನು ಒಪ್ಪಲಿಲ್ಲ. ಕಂಪನಿಯಲ್ಲಿ ಮೊದಲಿನಿಂದ ಹೆಂಗಸರು ಇದ್ದಾರಲ್ಲ ಎಂದಿತು. ಇದ್ದವರು ಬಿಳಿ ಹೆಂಗಸರು. ಬಣ್ಣದ ತಕರಾರಿದ್ದರೆ ಅದೇ ಕಂಪನಿಯ ಮೇಲಿರುವ ಬೇರೆ ದಾವೆಗೆ ಸೇರಿಕೊಳ್ಳಿ ಎಂದಿತು. ಹೀಗೆ ಎರಡೂ ಆಗಿದ್ದವರಿಗೆ ಎರಡೂ ಕಡೆ ಜಾಗವಿಲ್ಲದೆ ಹೋಯಿತು. ಈ ಅನ್ಯಾಯವನ್ನು 1989ರಲ್ಲಿ ಬಿಡಿಸಿ ತೋರಿಸಿದವರು ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್ಶಾ.

ನಮ್ಮ ಬೀದಿಯಲ್ಲೂ ಇದೇ ನಡೆಯುತ್ತದೆ. ಮೇಲಿನ ಮನೆಯಲ್ಲಿ ದಲಿತ ಅಧಿಕಾರಿಯ ಕುಟುಂಬವಿದೆ, ಕೆಳಗಿನ ಮನೆಯಲ್ಲಿ ಓನರಿನ ಜಾತಿಯದೇ ಒಂಟಿ ಹೆಂಗಸಿದ್ದಾಳೆ. ಆದರೆ ಒಂಟಿಯಾಗಿ ಬಂದ ದಲಿತ ಹೆಂಗಸಿಗೆ ಇಬ್ಬರಿಗೂ ಸಿಕ್ಕ ಮನೆ ಸಿಗುವುದಿಲ್ಲ. ಮೊದಲಿನವರಿಗೆ ಹುದ್ದೆಯ, ಗಂಡಸಿನ ಆಸರೆ ಇತ್ತು. ಎರಡನೆಯವಳಿಗೆ ಜಾತಿಯ ಆಸರೆ ಇತ್ತು. ಇವಳಿಗೆ ಯಾವ ಆಸರೆಯೂ ಇಲ್ಲ. ಮುಸ್ಲಿಂ ವಿಧವೆಗೂ, ಗಾಲಿಕುರ್ಚಿಯಲ್ಲಿ ಓಡಾಡುವ ದಲಿತ ವಿದ್ಯಾರ್ಥಿನಿಗೂ ಹೀಗೇ. ಕಣ್ಣು ಕಾಣದ, ಪರಿಶಿಷ್ಟ ಜಾತಿಯ ಹೆಣ್ಣುಮಗಳ ಮೇಲಿನ ಅತ್ಯಾಚಾರದ ಪ್ರಕರಣವೊಂದರಲ್ಲಿ ನಮ್ಮ ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಇದನ್ನೇ ಹೇಳಿತು: ಅವಳ ಜಾತಿ, ಅವಳು ಹೆಣ್ಣಾಗಿರುವುದು, ಅವಳ ಅಂಗವೈಕಲ್ಯ ಇವನ್ನು ಬಿಡಿಬಿಡಿಯಾಗಿ ಅಳೆಯಲಾಗದು, ಅವು ಒಟ್ಟಾಗಿಯೇ ಅವಳ ಮೇಲೆ ಬಿದ್ದಿವೆ. ಆದ್ದರಿಂದ ಮನೆ ಕೇಳಿ ಬಂದು, ಸಿಗದೆ ಹೋದವರು ಯಾರೆಂದು ನೆನಪು ಮಾಡಿಕೊಳ್ಳಿ. ನಿಮ್ಮ ನಡವಳಿಕೆಯ ಲೆಕ್ಕ ಇರುವುದು ಅವರಲ್ಲಿ.

ಲಿಂಗತ್ವ ಅಲ್ಪಸಂಖ್ಯಾತರಿಗೆ ಮನೆ ನಿರಾಕರಿಸಬೇಡಿ. ಹೆಚ್ಚು ಬಾಡಿಗೆ ಹೇರಬೇಡಿ.

ಇಲ್ಲಿ ಕಾನೂನು ಅತ್ಯಂತ ಸ್ಪಷ್ಟ. 2019ರ ತೃತೀಯಲಿಂಗಿ ವ್ಯಕ್ತಿಗಳ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 3ನೇ ಕಲಮು ಮನೆ ಕೊಳ್ಳುವಲ್ಲಿ, ಬಾಡಿಗೆಗೆ ಪಡೆಯುವಲ್ಲಿ, ವಾಸಿಸುವಲ್ಲಿ ಅವರಿಗೆ ಭೇದ ಮಾಡಬಾರದು ಎನ್ನುತ್ತದೆ. ಅವರನ್ನು ಮನೆಯಿಂದ, ಊರಿಂದ ಹೊರಹಾಕಿದರೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲಿದೆ. ಕಾಯ್ದೆ ಹೀಗಿದ್ದರೂ ಅವರಿಗೆ ಮನೆ ಸಿಗುವುದು ಯಾರಿಗೂ ಬೇಡವಾದ ಓಣಿಯಲ್ಲಿ, ಬೇರೆಯವರು ಕೊಡುವುದಕ್ಕಿಂತ ಹೆಚ್ಚಿನ ಬಾಡಿಗೆಗೆ, ಯಾವಾಗ ಎದ್ದು ಹೋಗಿ ಎನ್ನುತ್ತಾರೋ ಎಂಬ ಭಯದಲ್ಲಿ.

ಸರ್ಕಾರಿ ನೌಕರಿಯಲ್ಲಿ ಅವರಿಗೆ ಶೇ. 1 ಮೀಸಲಾತಿಯನ್ನು ಕರ್ನಾಟಕ 2021ರಲ್ಲಿ ತಂದಿತು. ದೇಶದಲ್ಲೇ ಮೊದಲು. ಅವರಲ್ಲೊಬ್ಬರಾದ ಜೋಗತಿ ಮಂಜಮ್ಮನವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಪದ್ಮಶ್ರೀ ಪಡೆದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಚಪ್ಪಾಳೆ ತಟ್ಟಿದ ಕೈಯೇ ಮನೆಯ ಕೀಲಿಯನ್ನೂ ಕೊಡಬೇಕು. ನೌಕರಿ ಸಿಕ್ಕ ಊರಲ್ಲಿ ಮನೆ ಸಿಗದಿದ್ದರೆ ಆ ನೌಕರಿ ನಿಲ್ಲುವುದಿಲ್ಲ.

ಆಧಾರ್‌ನಲ್ಲಿ ಹಳೆಯ ಹೆಸರಿದ್ದರೆ ಅದನ್ನು ಜೋರಾಗಿ ಓದಿ ಹೇಳಬೇಡಿ. ಆಪರೇಷನ್ ಆಗಿದೆಯೇ ಎಂದು ಕೇಳಬೇಡಿ. ಅವರು ಹೇಳಿದ ಹೆಸರಿನಿಂದ, ಅವರು ಬಯಸುವಂತೆ ಅಮ್ಮ ಎಂದೋ ಸಾರ್ ಎಂದೋ ಕರೆಯಿರಿ. ಒಂಬತ್ತು, ಚಕ್ಕ ಎಂಬ ಮಾತು ನಿಮ್ಮ ಬಾಯಲ್ಲೂ ಬರಬಾರದು, ನಿಮ್ಮ ವಾಚ್‌ಮನ್ ಬಾಯಲ್ಲೂ ಬರಬಾರದು.

ಮುಖ ನೋಡಿ ದೇಶ ನಿರ್ಧರಿಸಬೇಡಿ. ಒಬ್ಬರ ತಪ್ಪನ್ನು ಒಂದು ಬಣ್ಣದ ಮೇಲೆ ಹೊರಿಸಬೇಡಿ.

2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಹರಿದು ಹೆಂಗಸೊಬ್ಬರು ತೀರಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಗೆಳೆಯರೊಂದಿಗೆ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಗೆ ಅಪಘಾತದ ವಿಷಯವೇ ಗೊತ್ತಿರಲಿಲ್ಲ. ಗುಂಪು ಅವಳನ್ನು ಕಾರಿನಿಂದ ಎಳೆದು ಹೊಡೆಯಿತು, ಬಟ್ಟೆ ಹರಿಯಿತು, ಕಾರಿಗೆ ಬೆಂಕಿ ಹಚ್ಚಿತು. ಕಾರು ಓಡಿಸಿದವನು ಗಂಡಸು, ಬೇರೆ ದೇಶದವನು. ಅವಳಿಗೂ ಅವನಿಗೂ ಇದ್ದ ಸಂಬಂಧ ಮೈಬಣ್ಣ ಒಂದೇ. ಅವಳಿಗೆ ಆದದ್ದು ಬಣ್ಣದ ಕಾರಣಕ್ಕೆ, ಅದು ಆದ ರೀತಿ ಹೆಣ್ಣಾದ ಕಾರಣಕ್ಕೆ.

ಅದಕ್ಕೂ ಮೊದಲು, 2012ರ ಆಗಸ್ಟ್‌ನಲ್ಲಿ ಮೊಬೈಲ್‌ಗಳಲ್ಲಿ ಹರಿದಾಡಿದ, ತಮ್ಮ ಮೇಲೆ ಹಲ್ಲೆ ಆಗುತ್ತದೆ ಎಂಬ ಗಾಳಿಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರು. ವಿಶೇಷ ರೈಲು ಬಿಡಬೇಕಾಯಿತು. ಗಾಳಿಸುದ್ದಿ ಇಷ್ಟು ಬೇಗ ನಾಟಿದ್ದು, ನೆರೆಹೊರೆ ತಮ್ಮ ಜೊತೆ ನಿಲ್ಲುತ್ತದೆ ಎಂಬ ನಂಬಿಕೆ ಅವರಿಗೆ ಇರದಿದ್ದರಿಂದ. ಮಣಿಪುರದ, ನಾಗಾಲ್ಯಾಂಡಿನ ಮಕ್ಕಳನ್ನು "ಚಿಂಕಿ", "ನೇಪಾಳಿ" ಎಂದು ಕರೆದು, ಅವರ ಅಡುಗೆಯ ವಾಸನೆಯನ್ನು ಆಡಿಕೊಂಡ ಬೀದಿ ಆ ನಂಬಿಕೆಯನ್ನು ಕೊಟ್ಟಿರಲಿಲ್ಲ.

ಇನ್ನು ನಮ್ಮವರೇ ಆದ ಸಿದ್ದಿಗಳು. ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿ, ತಲೆಮಾರುಗಳಿಂದ ಯಲ್ಲಾಪುರ, ಹಳಿಯಾಳ, ಅಂಕೋಲಾದ ಕಾಡಂಚಿನಲ್ಲಿ ಬದುಕಿದವರು. ಕನ್ನಡ, ಕೊಂಕಣಿ ಅವರ ಮನೆಮಾತು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿನ ಸದಸ್ಯರಾದರು. ಈ ಜನ ಬೆಂಗಳೂರಿಗೆ ಬಂದು ಅಚ್ಚ ಕನ್ನಡದಲ್ಲಿ ಮನೆ ಕೇಳಿದರೆ "ಯಾವ ದೇಶ?" ಎಂಬ ಉತ್ತರ ಬರುತ್ತದೆ. ಹಾಗೆ ಕೇಳಬೇಡಿ. ನಮ್ಮ ರಾಜ್ಯದಲ್ಲಿ ಎಂಥೆಂಥ ಮುಖಗಳಿವೆ ಎಂದು ತಿಳಿದಿರುವುದು ಕನ್ನಡಿಗರಾದ ನಮ್ಮ ಕರ್ತವ್ಯ.

ವಿದೇಶಿಯರಿಗೆ ಮನೆ ಕೊಟ್ಟರೆ 24 ಗಂಟೆಯೊಳಗೆ ಅವರ ಮಾಹಿತಿ ಕೊಡುವ ನಿಗದಿತ ಫಾರಂ ತುಂಬಬೇಕು. ಅದು ಕಾನೂನು, ತಪ್ಪದೆ ಮಾಡಿ. ಅದು ಹತ್ತು ನಿಮಿಷದ ಕೆಲಸ, ಅದನ್ನೇ ನೆಪ ಮಾಡಿ ಆಫ್ರಿಕಾದ ವಿದ್ಯಾರ್ಥಿಗಳನ್ನು ತಿರುಗಿಸಿ ಕಳಿಸಬೇಡಿ. ಬಿಳಿಯರಿಗೂ ಅದೇ ಫಾರಂ.

ಅಪಾರ್ಟ್‌ಮೆಂಟ್ ಸಂಘಗಳು ಲಿಫ್ಟಿಗೆ ಜಾತಿ ಹಚ್ಚಬಾರದು.

ಮನೆಗೆಲಸದವರು, ಡೆಲಿವರಿ ಹುಡುಗರು, ಪೌರಕಾರ್ಮಿಕರು ಈ ಲಿಫ್ಟ್ ಹತ್ತಬಾರದು ಎಂಬ ಬೋರ್ಡನ್ನು ತೆಗೆಯಿರಿ. ಸಾಮಾನು ಸಾಗಿಸಲು ಬೇರೆ ಲಿಫ್ಟ್ ಇರಲಿ, ಮನುಷ್ಯರಿಗೆ ಬೇಡ. ದಿನಕ್ಕೆ ನಾಲ್ಕು ಮನೆ ಮಾಡುವ ಹೆಂಗಸಿಗೆ ನೆಲಮಹಡಿಯಲ್ಲಿ ಶೌಚಾಲಯ ತೆರೆದಿರಬೇಕು. ಕಾಫಿ ಕೊಟ್ಟರೆ ಮನೆಯವರು ಕುಡಿಯುವ ಲೋಟದಲ್ಲೇ ಕೊಡಿ. ಬೇರೆ ಲೋಟ ಎತ್ತಿಡುವುದು ಶುಚಿತ್ವವಲ್ಲ, ಅಸ್ಪೃಶ್ಯತೆ. ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ದೇಶದಲ್ಲಿ ಮೊದಲು ನಿಗದಿ ಮಾಡಿದ್ದು ನಮ್ಮ ರಾಜ್ಯ, 2004ರಲ್ಲಿ. ಸಂಘದ ಸಭೆಯಲ್ಲಿ ಈಗಿನ ದರವನ್ನು ಓದಿ ಹೇಳಿ, ಅದಕ್ಕಿಂತ ಕಡಿಮೆ ಕೊಡುವವರು ಯಾರೆಂದು ಕೇಳಿ. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಸಂಘದ "ಒಪ್ಪಿಗೆ" ಪಡೆಯಬೇಕೆಂಬ ನಿಯಮವಿದ್ದರೆ ಅದನ್ನು ರದ್ದು ಮಾಡಿ. ಜಾತಿ ಧರ್ಮ ಸೋಸಲು ಅದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ.

ಮನೆ ಸಿಗದವರು ಮತ್ತು ಅಕ್ಕಪಕ್ಕದವರು ಮಾಡಬೇಕಾದ್ದು

ಕಾನೂನು ಎಲ್ಲರನ್ನೂ ಸಮವಾಗಿ ಕಾಯುವುದಿಲ್ಲ ಎಂಬುದನ್ನು ಮುಚ್ಚಿಡಬಾರದು. ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂಬ ಗುಜರಾತಿನ ಗೃಹ ಸಹಕಾರ ಸಂಘವೊಂದರ ನಿಯಮವನ್ನು 2005ರಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿಯಿತು. ಧರ್ಮ ನೋಡಿ ಮನೆ ನಿರಾಕರಿಸುವ, ಒಂಟಿ ಹೆಂಗಸೆಂದು ನಿರಾಕರಿಸುವ ಖಾಸಗಿ ಓನರನ್ನು ನೇರವಾಗಿ ಹಿಡಿಯುವ ಕೇಂದ್ರ ಕಾಯ್ದೆ ಇಲ್ಲ. ಅಂಥದೊಂದು ಕಾಯ್ದೆ ಬೇಕು. ಮತ ಕೇಳಲು ಬಂದವರನ್ನು ಈ ಬಗ್ಗೆ ಪ್ರಶ್ನಿಸಿ.

ಇರುವ ಕಾಯ್ದೆಗಳನ್ನು ಬಿಡಬೇಡಿ. ಓನರಿನ, ಬ್ರೋಕರಿನ ಮೆಸೇಜುಗಳನ್ನು ಅಳಿಸದೆ ಇಟ್ಟುಕೊಳ್ಳಿ. ದಿನ, ಹೊತ್ತು, ಆಡಿದ ಮಾತು ಬರೆದಿಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ದೌರ್ಜನ್ಯ ತಡೆ ಸಹಾಯವಾಣಿ 14566 ಇದೆ, ರಾಜ್ಯದ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯವಿದೆ. ಹೆಂಗಸರಿಗೆ 181. ಹಲ್ಲೆಯ ಭಯವಿದ್ದರೆ 112. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಸಂಬಳ ಎಷ್ಟೇ ಇರಲಿ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಕಾನೂನು ಸೇವಾ ಪ್ರಾಧಿಕಾರದ ಸಂಖ್ಯೆ 15100.

ಅಕ್ಕಪಕ್ಕದವರೇ, ನಿಮ್ಮ ಬೀದಿಯಲ್ಲಿ ಯಾರನ್ನಾದರೂ ಜಾತಿ, ಬಣ್ಣ, ಲಿಂಗದ ಕಾರಣಕ್ಕೆ ಹೊರಗೆ ಹಾಕುತ್ತಿದ್ದರೆ ಬಾಗಿಲು ಹಾಕಿಕೊಂಡು ಒಳಗೆ ಕೂರಬೇಡಿ. ಇಂಥ ದೂರುಗಳು ಬಿದ್ದುಹೋಗುವುದು ಬಹಳ ಸಲ ಸಾಕ್ಷಿ ಇಲ್ಲದೆ. ಅವರ ಜೊತೆ ಠಾಣೆಗೆ ಹೋಗಿ, ಕಂಡದ್ದನ್ನು ಹೇಳಿ, ಹೇಳಿಕೆಗೆ ಸಹಿ ಹಾಕಿ ಬನ್ನಿ.